ಸೇಲಂ 1692: ‘ಹೌದು’ ಅಂದವರು ಉಳಿದರು, ‘ಇಲ್ಲ’ ಅಂದವರು ಗಲ್ಲಿಗೇರಿದರು

1692ರ ಆಗಸ್ಟ್ ತಿಂಗಳು. ಅಮೆರಿಕದ ಮ್ಯಾಸಚೂಸೆಟ್ಸ್ ಆಗ ಇಂಗ್ಲೆಂಡಿನ ವಸಾಹತು. ಅಲ್ಲಿ ಸಾರಾ ಕ್ಯಾರಿಯರ್ ಎಂಬ ಪುಟ್ಟ ಹುಡುಗಿಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದ್ದರು.

‘ಎಷ್ಟು ಕಾಲದಿಂದ ನೀನು ಮಾಟಗಾತಿ?’ ಅಂತ ಕೇಳಿದರು.

‘ನನಗೆ ಆರು ವರ್ಷ ಆದಾಗಿನಿಂದ.’

‘ಈಗ ಎಷ್ಟು ವಯಸ್ಸು?’

‘ಎಂಟು ಆಗ್ತಾ ಬಂತು. ಬರೋ ನವೆಂಬರಿಗೆ ಎಂಟು ತುಂಬುತ್ತೆ ಅಂತ ರಿಚರ್ಡ್ ಅಣ್ಣ ಹೇಳ್ತಾನೆ.’

‘ನಿನ್ನನ್ನು ಮಾಟಗಾತಿ ಮಾಡಿದ್ದು ಯಾರು?’

‘ನಮ್ಮಮ್ಮ. ಒಂದು ಪುಸ್ತಕದ ಮೇಲೆ ಕೈ ಇಡಿಸಿದಳು.’

ಪುಸ್ತಕ ಕೆಂಪಗಿತ್ತು, ಹಾಳೆ ಬೆಳ್ಳಗಿತ್ತು ಅಂತಲೂ ಆ ಮಗು ಹೇಳಿತು. ಈ ಪ್ರಶ್ನೋತ್ತರ ಆ ಕಾಲದ ದಾಖಲೆಗಳಲ್ಲಿ ಇವತ್ತಿಗೂ ಓದಲು ಸಿಗುತ್ತದೆ. ಅದೇ ಆಗಸ್ಟ್ 19ಕ್ಕೆ ತಾಯಿ ಮಾರ್ಥಾ ಕ್ಯಾರಿಯರ್‌ ಅವರನ್ನು ಗಲ್ಲಿಗೇರಿಸಿದರು. ತಾಯಿ ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ಮಗಳು ಒಪ್ಪಿಕೊಂಡಳು, ಬದುಕಿದಳು.

ಅಲ್ಲಿನ ಸೇಲಂ ಎಂಬ ಊರಿನ ಮಾಟಗಾತಿಯರ ವಿಚಾರಣೆ ಬಗ್ಗೆ ಕೇಳಿದವರು ಬಹಳ ಜನ. ಆದರೆ ಅದರ ಒಳಗಿದ್ದ ಈ ತಿರುಗುಮುರುಗು ಲೆಕ್ಕ ಅಷ್ಟಾಗಿ ಗೊತ್ತಿಲ್ಲ. ಆ ಒಂದು ವರ್ಷದಲ್ಲಿ 150ಕ್ಕೂ ಜಾಸ್ತಿ ಜನರ ಮೇಲೆ ಆರೋಪ ಬಂತು. 19 ಜನರನ್ನು ನೇಣು ಹಾಕಿದರು: 14 ಹೆಂಗಸರು, 5 ಗಂಡಸರು. ಒಬ್ಬ ಮುದುಕನನ್ನು ಕಲ್ಲು ಹೇರಿ ಕೊಂದರು. ಕಡಿಮೆ ಅಂದರೂ ಐದು ಜನ ಜೈಲಿನಲ್ಲೇ ಸತ್ತರು. ಇನ್ನೊಂದು ಕಡೆ, ಸುಮಾರು 50 ಜನ ‘ಹೌದು, ನಾನು ಸೈತಾನನ ಜೊತೆ ಸೇರಿದ್ದೆ’ ಎಂದು ಒಪ್ಪಿಕೊಂಡರು. ಆ ಮಾತಿಗೇ ಅಂಟಿಕೊಂಡು ನಿಂತವರಲ್ಲಿ ಒಬ್ಬರನ್ನೂ ಗಲ್ಲಿಗೇರಿಸಲಿಲ್ಲ. ಸಾಮಾನ್ಯವಾಗಿ ತಪ್ಪೊಪ್ಪಿಕೊಂಡವರಿಗೆ ಶಿಕ್ಷೆ ಖಚಿತ, ಅಲ್ವಾ? ಇಲ್ಲಿ ಯಾಕೆ ಉಲ್ಟಾ ಆಯಿತು ಅನ್ನೋದು ಅರ್ಥವಾದರೆ ಸೇಲಂ ಮುಕ್ಕಾಲು ಪಾಲು ಅರ್ಥವಾದಂತೆ.

ಮೊದಲು ‘ಮಾಟಗಾತಿ’ ಅನ್ನೋ ಪದದಿಂದಲೇ ಶುರು ಮಾಡಬೇಕು. ನಮ್ಮಲ್ಲಿ ಮಾಟ ಅಂದರೆ ಯಾರೋ ಇನ್ನೊಬ್ಬರಿಗೆ ಮಾಡಿಸುವುದು. ನಿಂಬೆಹಣ್ಣು, ಕುಂಕುಮ, ಮೂರು ದಾರಿ ಕೂಡುವ ಜಾಗ, ಇವು ನೆನಪಿಗೆ ಬರುತ್ತವೆ. ಸೇಲಂನ ಜನ ಪ್ಯೂರಿಟನ್ನರು, ತುಂಬಾ ಕಟ್ಟುನಿಟ್ಟಿನ ಕ್ರೈಸ್ತರು. ಅವರ ಪ್ರಕಾರ ಮುಖ್ಯ ಅಪರಾಧ ಮಾಟ ಮಾಡಿದ್ದಲ್ಲ. ದೇವರನ್ನು ಬಿಟ್ಟು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡದ್ದು. ಸೈತಾನನ ಹತ್ತಿರ ಒಂದು ಪುಸ್ತಕ ಇರುತ್ತದೆ, ಅದರಲ್ಲಿ ಗುರುತು ಹಾಕಿದವರು ಅವನ ಕಡೆಯವರು ಎಂದು ಅವರು ನಂಬಿದ್ದರು. ಪುಟ್ಟ ಸಾರಾ ಕೆಂಪು ಪುಸ್ತಕದ ಮಾತು ಆಡಿದ್ದು ಅದಕ್ಕೇ. ಏನು ಹೇಳಬೇಕು ಅಂತ ಅಷ್ಟು ಹೊತ್ತಿಗೆ ಇಡೀ ಊರಿಗೇ ಗೊತ್ತಾಗಿತ್ತು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಸರಿ ಮಾಡಿಬಿಡೋಣ. ಸೇಲಂನಲ್ಲಿ ಯಾರನ್ನೂ ಬೆಂಕಿಗೆ ಹಾಕಲಿಲ್ಲ. ಸುಡುವ ಶಿಕ್ಷೆ ಯುರೋಪಿನ ಬೇರೆ ದೇಶಗಳಲ್ಲಿತ್ತು. ಇಂಗ್ಲಿಷ್ ಕಾನೂನಿನಲ್ಲಿ ಇದಕ್ಕೆ ನೇಣು. ಮ್ಯಾಸಚೂಸೆಟ್ಸ್ 1641ರಲ್ಲೇ ಇದನ್ನು ಮರಣದಂಡನೆಯ ಅಪರಾಧಗಳ ಪಟ್ಟಿಗೆ ಸೇರಿಸಿತ್ತು.

ಸೇಲಂ ಮೊದಲನೆಯದೂ ಅಲ್ಲ. ಪಕ್ಕದ ಕನೆಕ್ಟಿಕಟ್ ವಸಾಹತಿನಲ್ಲಿ 1647ರ ಮೇ 26ರಂದು ಆಲ್ಸ್ ಯಂಗ್ ಎಂಬ ಹೆಂಗಸನ್ನು ಗಲ್ಲಿಗೇರಿಸಿದ್ದರು. ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ದಾಖಲೆ ಇರುವ ಮೊದಲ ಪ್ರಕರಣ ಅದು. ಮರುವರ್ಷ ಬಾಸ್ಟನ್‌ನಲ್ಲಿ ಮಾರ್ಗರೆಟ್ ಜೋನ್ಸ್. ಆದರೆ ಆ ದಿನಗಳಲ್ಲಿ ನ್ಯಾಯಾಲಯಗಳು ಸ್ವಲ್ಪ ಎಚ್ಚರವಾಗಿದ್ದವು. 1669ರಲ್ಲಿ ಕನೆಕ್ಟಿಕಟ್‌ನ ಕ್ಯಾಥರೀನ್ ಹ್ಯಾರಿಸನ್ ಪ್ರಕರಣದಲ್ಲಿ ನ್ಯಾಯಾಧೀಶರು ಪಾದ್ರಿಗಳ ಅಭಿಪ್ರಾಯ ಕೇಳಿದರು. ಒಂದೇ ಘಟನೆಯನ್ನು ಇಬ್ಬರು ಕಣ್ಣಾರೆ ಕಂಡಿರಬೇಕು, ಬೇರೆ ಬೇರೆ ದಿನ ಬೇರೆ ಬೇರೆಯವರು ಒಬ್ಬೊಬ್ಬರೇ ಕಂಡದ್ದನ್ನು ಕೂಡಿಸಿ ಸಾಕ್ಷಿ ಅನ್ನುವಂತಿಲ್ಲ ಎಂದು ಅವರು ಹೇಳಿದರು. ಆಕೆ ಊರು ಬಿಡಬೇಕಾಯಿತು, ಆದರೆ ಜೀವ ಉಳಿಯಿತು. ಅಂದರೆ ಸಾಕ್ಷಿ ಎಷ್ಟು ಗಟ್ಟಿ ಇರಬೇಕು ಅನ್ನುವ ಪ್ರಶ್ನೆ ಆ ಜನಕ್ಕೆ ಗೊತ್ತಿಲ್ಲದ್ದಲ್ಲ. ನನಗೆ ಸೇಲಂ ವಿಷಯದಲ್ಲಿ ಹೆಚ್ಚು ನೋವು ಕೊಡುವುದು ಇದೇ. ತಿಳಿದಿದ್ದನ್ನು ಕೈಬಿಟ್ಟರು.

ಒಂಬತ್ತು ಗುರುತುಗಳು

ಶುರುವಾದದ್ದು ಸೇಲಂ ವಿಲೇಜ್ ಎಂಬ ಹಳ್ಳಿಯಲ್ಲಿ. ಈಗ ಅದರ ಹೆಸರು ಡ್ಯಾನ್ವರ್ಸ್. 1692ರ ಚಳಿಗಾಲದಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್ ಮನೆಯ ಇಬ್ಬರು ಮಕ್ಕಳು ವಿಚಿತ್ರವಾಗಿ ಆಡತೊಡಗಿದರು. ಮಗಳು ಬೆಟ್ಟಿಗೆ 9 ವರ್ಷ, ಬಂಧುವಿನ ಮಗಳು ಅಬಿಗೇಲ್ ವಿಲಿಯಮ್ಸ್‌ಗೆ 11. ಮೈ ತಿರುಚುವುದು, ಚೀರುವುದು, ಯಾರೋ ಚಿವುಟುತ್ತಾರೆ ಅನ್ನುವುದು. ವೈದ್ಯರಿಗೆ ಕಾಯಿಲೆ ಗೊತ್ತಾಗಲಿಲ್ಲ. ಕೆಟ್ಟ ಕೈ ಆಡಿದೆ ಎಂದರು. ಬೇಗನೆ ಊರಿನ ಇನ್ನೂ ಕೆಲವು ಹುಡುಗಿಯರಿಗೆ ಇದೇ ಶುರುವಾಯಿತು. ಅವರಲ್ಲಿ 12 ವರ್ಷದ ಆನ್ ಪಟ್ನಮ್ ಮುಖ್ಯಳು.

ಮೊದಲು ಮೂರು ಹೆಸರು ಬಂದವು. ಸಾರಾ ಗುಡ್ ಮನೆಮನೆಗೆ ಹೋಗಿ ಬೇಡುತ್ತಿದ್ದ ಬಡವಿ. ಸಾರಾ ಓಸ್ಬೋರ್ನ್ ಕಾಯಿಲೆಯಿಂದ ಚರ್ಚಿಗೆ ಹೋಗುವುದನ್ನೇ ಬಿಟ್ಟಿದ್ದವಳು. ಮೂರನೆಯವಳು ಪಾದ್ರಿಯ ಮನೆಯ ಗುಲಾಮಳು ಟಿಟ್ಯೂಬಾ. ದಾಖಲೆಗಳು ಆಕೆಯನ್ನು ‘ಇಂಡಿಯನ್’ ಅನ್ನುತ್ತವೆ. ಅಂದರೆ ಅಮೆರಿಕ ಖಂಡದ ಮೂಲನಿವಾಸಿ, ನಮ್ಮ ದೇಶದವಳಲ್ಲ. ಮೂವರಲ್ಲಿ ಯಾರಿಗೂ ಊರಲ್ಲಿ ಪರವಾಗಿ ಮಾತಾಡುವವರಿರಲಿಲ್ಲ.

ಮಾರ್ಚ್ 1ರಂದು ವಿಚಾರಣೆ ಶುರುವಾಯಿತು. ಇಬ್ಬರು ಸಾರಾಗಳೂ ಇಲ್ಲ ಅಂದರು. ಟಿಟ್ಯೂಬಾ ಮೊದಲು ಇಲ್ಲ ಅಂದಳು, ಆಮೇಲೆ ಹೌದು ಅಂದಳು. ಯಜಮಾನ ಹೊಡೆದು ಒಪ್ಪಿಸಿದ ಎಂದು ಆಕೆ ನಂತರ ಹೇಳಿದ್ದಾಗಿ ಅದೇ ಕಾಲದವರು ಬರೆದಿಟ್ಟಿದ್ದಾರೆ. ಬಾಸ್ಟನ್‌ನಿಂದ ಬಂದ ಎತ್ತರದ ಮನುಷ್ಯ, ಹಳದಿ ಹಕ್ಕಿ, ಕೆಂಪು ಬೆಕ್ಕು, ಹೀಗೆ ಕಥೆ ಬೆಳೆಯಿತು. ಆ ಮನುಷ್ಯನ ಪುಸ್ತಕದಲ್ಲಿ ಒಂಬತ್ತು ಗುರುತು ಕಂಡೆ ಅಂದಳು. ಅದರಲ್ಲಿ ಎರಡು ಗುಡ್ ಮತ್ತು ಓಸ್ಬೋರ್ನ್ ಅವರದ್ದಂತೆ.

ಹಾಗಾದರೆ ಉಳಿದವರು ಯಾರು? ಊರು ಆ ರಾತ್ರಿ ಮಲಗಿರಲಿಕ್ಕಿಲ್ಲ. ಮೂವರ ಮೇಲಿನ ಆರೋಪ ಒಂದು ದೊಡ್ಡ ಹುಡುಕಾಟವಾಗಿ ತಿರುಗಿದ್ದು ಇಲ್ಲಿಂದ.

ಹೆದರಲು ಅವರಿಗೆ ಬೇರೆ ಕಾರಣಗಳೂ ಇದ್ದವು. ಉತ್ತರದ ಗಡಿಯಲ್ಲಿ ಫ್ರೆಂಚರು ಮತ್ತು ಮೂಲನಿವಾಸಿಗಳ ಜೊತೆ ಯುದ್ಧ ನಡೆಯುತ್ತಿತ್ತು. ಮನೆಮಠ ಕಳೆದುಕೊಂಡವರು ಸೇಲಂ ಕಡೆಗೆ ಬಂದಿದ್ದರು. ಆರೋಪ ಮಾಡಿದ ಹುಡುಗಿಯರಲ್ಲಿ ಕೆಲವರು ಆ ದಾಳಿಗಳಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಅನಾಥರು. ಹಳ್ಳಿಯೊಳಗೆ ಪಾದ್ರಿಯ ಸಂಬಳ, ಸೌದೆ, ಮನೆ ಯಾರ ಹೆಸರಲ್ಲಿರಬೇಕು ಅನ್ನುವ ಜಗಳ ವರ್ಷಗಳಿಂದ ಇತ್ತು. ಜಮೀನಿನ ಗಡಿ ಜಗಳ ಬೇರೆ. ರೈ ಧಾನ್ಯಕ್ಕೆ ಬರುವ ಒಂದು ಬೂಷ್ಟಿನ ವಿಷದಿಂದ ಹುಡುಗಿಯರಿಗೆ ಹೀಗಾಯಿತು ಎಂಬ ವಾದ 1976ರಲ್ಲಿ ಬಂತು, ತುಂಬಾ ಪ್ರಚಾರವೂ ಆಯಿತು. ನನಗೆ ಅದು ಒಪ್ಪುವಂಥದ್ದಲ್ಲ. ಅದೇ ಹಿಟ್ಟಿನ ರೊಟ್ಟಿ ತಿಂದ ಮನೆಯ ಉಳಿದವರಿಗೆ ಏನೂ ಆಗಲಿಲ್ಲ. ಕೋರ್ಟಿನಲ್ಲಿ ಆರೋಪಿ ತಲೆ ಎತ್ತಿದ ಕೂಡಲೇ ಶುರುವಾಗಿ, ಮುಟ್ಟಿದ ಕೂಡಲೇ ನಿಲ್ಲುವ ವಿಷವೂ ಇಲ್ಲ.

ನೆರಳಿನ ಸಾಕ್ಷಿ

ಮೇ ತಿಂಗಳಲ್ಲಿ ಹೊಸ ಗವರ್ನರ್ ವಿಲಿಯಂ ಫಿಪ್ಸ್ ಇಂಗ್ಲೆಂಡಿನಿಂದ ಬಂದಿಳಿದ. ಜೈಲು ಆಗಲೇ ತುಂಬಿತ್ತು. ವಿಶೇಷ ನ್ಯಾಯಾಲಯ ರಚಿಸಿ, ವಿಲಿಯಂ ಸ್ಟೌಟನ್ ಎಂಬಾತನನ್ನು ಮುಖ್ಯ ನ್ಯಾಯಾಧೀಶನನ್ನಾಗಿ ಮಾಡಿದ. ಆರೋಪಿಗಳ ಪರ ವಕೀಲರಿಲ್ಲ.

ಈ ಕೋರ್ಟು ಒಪ್ಪಿಕೊಂಡ ಮುಖ್ಯ ಪುರಾವೆಯನ್ನು ನಾನು ನೆರಳಿನ ಸಾಕ್ಷಿ ಅಂತ ಕರೆಯುತ್ತೇನೆ. ಒಬ್ಬ ಹುಡುಗಿ ಹೇಳುತ್ತಾಳೆ: ‘ನಿನ್ನೆ ರಾತ್ರಿ ರೆಬೆಕಾ ನರ್ಸ್‌ ಅವರ ರೂಪ ಬಂದು ನನ್ನ ಕತ್ತು ಹಿಸುಕಿತು.’ ಆ ರೂಪ ಆ ಹುಡುಗಿಗೆ ಮಾತ್ರ ಕಾಣುತ್ತದೆ. ಆ ಹೊತ್ತಿಗೆ ರೆಬೆಕಾ ತನ್ನ ಮನೆಯಲ್ಲಿ ಮಲಗಿದ್ದಳು ಎಂದು ಹತ್ತು ಜನ ಹೇಳಿದರೂ ಉಪಯೋಗವಿಲ್ಲ. ದೇಹ ಮನೆಯಲ್ಲಿತ್ತು, ರೂಪ ಓಡಾಡುತ್ತಿತ್ತು ಅನ್ನುತ್ತಾರೆ. ಇಂಥ ಆರೋಪವನ್ನು ಸುಳ್ಳು ಎಂದು ತೋರಿಸಲು ಯಾವ ದಾರಿಯೂ ಇಲ್ಲ. ನೀವೇ ಯೋಚಿಸಿ, ನಿಮ್ಮ ಮೇಲೆ ಇಂಥದ್ದು ಬಂದರೆ ಏನು ತೋರಿಸುತ್ತೀರಿ?

ಒಂದೇ ಒಂದು ತಡೆ ಇತ್ತು, ಅದು ಧರ್ಮಶಾಸ್ತ್ರದ್ದು. ಏನೂ ತಪ್ಪು ಮಾಡದವರ ರೂಪವನ್ನು ಸೈತಾನ ಅವರಿಗೆ ಗೊತ್ತಿಲ್ಲದೆ ಹಾಕಿಕೊಳ್ಳಬಹುದೇ? ಹಾಕಿಕೊಳ್ಳಬಹುದು ಎಂದಾದರೆ ಈ ಸಾಕ್ಷಿ ಅಲ್ಲೇ ಬಿದ್ದುಹೋಗುತ್ತದೆ. ಸಾಧ್ಯವಿಲ್ಲ ಅನ್ನುವುದು ಸ್ಟೌಟನ್ ನಂಬಿಕೆ. ಆ ಒಬ್ಬನ ಹಟ ಎಷ್ಟೋ ಜೀವಗಳನ್ನು ತಿಂದಿತು.

ಜೂನ್ 10ರಂದು ಬ್ರಿಜೆಟ್ ಬಿಷಪ್ ಎಂಬಾಕೆಯನ್ನು ಮೊದಲು ಗಲ್ಲಿಗೇರಿಸಿದರು. ಅದಾದ ಮೇಲೆ ನಥಾನಿಯಲ್ ಸಾಲ್ಟನ್‌ಸ್ಟಾಲ್ ಎಂಬ ನ್ಯಾಯಾಧೀಶ ಕೋರ್ಟು ಬಿಟ್ಟು ಹೊರಟುಹೋದ. ಉಳಿದವರು ಮುಂದುವರಿದರು.

71 ವರ್ಷದ ರೆಬೆಕಾ ನರ್ಸ್ ಊರೆಲ್ಲ ಗೌರವ ಕೊಡುತ್ತಿದ್ದ ಅಜ್ಜಿ. ಸುಮಾರು 40 ನೆರೆಹೊರೆಯವರು ಆಕೆಯ ಪರ ಸಹಿ ಹಾಕಿದರು. ಆ ಕಾಲದಲ್ಲಿ ಹಾಗೆ ಸಹಿ ಹಾಕುವುದೇ ಅಪಾಯ. ಜ್ಯೂರಿ, ಅಂದರೆ ತೀರ್ಪು ಹೇಳಲು ಕೂತ ಸಾಮಾನ್ಯ ಜನರ ತಂಡ, ಮೊದಲು ಆಕೆ ನಿರ್ದೋಷಿ ಎಂದಿತು. ಹುಡುಗಿಯರು ಚೀರಾಡಿದರು. ಸ್ಟೌಟನ್ ಜ್ಯೂರಿಗೆ, ಆಕೆ ಆಡಿದ ಒಂದು ಮಾತನ್ನು ಗಮನಿಸಿದ್ದೀರಾ ಎಂದ. ಒಪ್ಪಿಕೊಂಡಿದ್ದ ಇನ್ನೊಬ್ಬ ಹೆಂಗಸನ್ನು ಕಂಡು ರೆಬೆಕಾ ‘ಇವಳು ನಮ್ಮವಳೇ ಅಲ್ವಾ’ ಎಂಬ ಅರ್ಥದ ಮಾತಾಡಿದ್ದಳು. ಜೈಲಿನಲ್ಲಿ ಜೊತೆಗಿದ್ದವಳು ಎಂಬುದು ಆಕೆಯ ಮನಸ್ಸಿನಲ್ಲಿದ್ದದ್ದು. ಹಾಗಂದರೆ ಏನು ಎಂದು ಜ್ಯೂರಿಯವರು ಕೇಳಿದಾಗ ಅಜ್ಜಿ ಉತ್ತರ ಕೊಡಲಿಲ್ಲ. ಆಕೆಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆ ಮೌನವನ್ನೇ ಹಿಡಿದು ದೋಷಿ ಎಂದರು. ಜುಲೈ 19ರಂದು ಇನ್ನೂ ನಾಲ್ವರ ಜೊತೆ ಆಕೆಯನ್ನು ನೇಣು ಹಾಕಿದರು.

ಆ ನಾಲ್ವರಲ್ಲಿ ಸಾರಾ ಗುಡ್ ಒಬ್ಬಳು. ಆಕೆಯ ಹಸುಗೂಸು ಜೈಲಿನಲ್ಲೇ ಸತ್ತಿತ್ತು. ನಾಲ್ಕೈದು ವರ್ಷದ ಇನ್ನೊಬ್ಬ ಮಗಳು ಡೊರೊಥಿಯ ಮೇಲೂ ಆರೋಪ ಹೊರಿಸಿ, ಸರಪಳಿ ಹಾಕಿ ತಿಂಗಳುಗಟ್ಟಲೆ ಜೈಲಿನಲ್ಲಿಟ್ಟರು. 1710ರಲ್ಲಿ ಅವಳ ಅಪ್ಪ ಸರ್ಕಾರಕ್ಕೆ ಬರೆದ ಅರ್ಜಿ ಇದೆ. ಮಗಳಿಗೆ ಅಲ್ಲಿಂದ ಮುಂದೆ ಬುದ್ಧಿ ಸ್ಥಿಮಿತಕ್ಕೆ ಬರಲೇ ಇಲ್ಲ ಎಂದು ಅದರಲ್ಲಿ ಬರೆದಿದ್ದಾನೆ.

ಒಪ್ಪಿಕೊಂಡರೆ ಜೀವ

ಈಗ ಆ ತಿರುಗುಮುರುಗು ಲೆಕ್ಕಕ್ಕೆ ಬರೋಣ. ‘ಒಪ್ಪಿಕೊಂಡವರನ್ನು ಬಿಡಬೇಕು’ ಎಂಬ ಕಾನೂನು ಎಲ್ಲೂ ಇರಲಿಲ್ಲ. ಬದಲಿಗೆ ತಪ್ಪೊಪ್ಪಿಗೆಯೇ ಎಲ್ಲಕ್ಕಿಂತ ಗಟ್ಟಿ ಪುರಾವೆ. ಆದರೆ ಕೋರ್ಟಿಗೆ ಒಪ್ಪಿಕೊಂಡವರು ಬೇಕಾಗಿದ್ದರು. ಅವರು ಬದುಕಿದ್ದರೆ ಇನ್ನಷ್ಟು ಹೆಸರು ಹೇಳುತ್ತಾರೆ, ಬೇರೆಯವರ ವಿರುದ್ಧ ಸಾಕ್ಷಿ ನುಡಿಯುತ್ತಾರೆ. ನೆರಳಿನ ಸಾಕ್ಷಿಯ ಬಗ್ಗೆ ಯಾರಿಗಾದರೂ ಅನುಮಾನ ಬಂದರೆ, ‘ನೋಡಿ, ಇವರೇ ಒಪ್ಪಿಕೊಳ್ಳುತ್ತಿದ್ದಾರಲ್ಲ’ ಎಂದು ತೋರಿಸಬಹುದು. ಜೊತೆಗೆ ಪಾಪ ಒಪ್ಪಿಕೊಂಡವರು ಸೈತಾನನ ಕೈಯಿಂದ ಬಿಡಿಸಿಕೊಂಡು ಬಂದವರು ಎಂಬ ಧಾರ್ಮಿಕ ಭಾವನೆಯೂ ಇತ್ತು. ಹೀಗೆ ಅವರ ಶಿಕ್ಷೆ ಮುಂದಕ್ಕೆ ಹೋಗುತ್ತಲೇ ಇತ್ತು. ಜೂನ್, ಜುಲೈ ಕಳೆಯುವ ಹೊತ್ತಿಗೆ ಜನಕ್ಕೆ ಲೆಕ್ಕ ಅರ್ಥವಾಗಿತ್ತು. ಇಲ್ಲ ಅಂದವರು ಸಾಯುತ್ತಿದ್ದಾರೆ. ಹೌದು ಅಂದವರು ಜೈಲಿನಲ್ಲಿ ಜೀವಂತ ಇದ್ದಾರೆ.

ಒಪ್ಪಿಸುವ ಕೆಲಸವೂ ಜೋರಾಗಿ ನಡೆಯಿತು. ಜುಲೈ 23ರಂದು ಜಾನ್ ಪ್ರಾಕ್ಟರ್ ಎಂಬ ಆರೋಪಿ ಜೈಲಿನಿಂದ ಬಾಸ್ಟನ್‌ನ ಪಾದ್ರಿಗಳಿಗೆ ಒಂದು ಪತ್ರ ಬರೆದ. ಮಾರ್ಥಾ ಕ್ಯಾರಿಯರ್‌ಳ ಇಬ್ಬರು ಗಂಡುಮಕ್ಕಳ ಕತ್ತು ಮತ್ತು ಹಿಮ್ಮಡಿ ಸೇರಿಸಿ ಕಟ್ಟಿ, ಮೂಗಿನಿಂದ ರಕ್ತ ಬರುವ ಹಾಗಾಗುವವರೆಗೆ ಬಿಟ್ಟು ಒಪ್ಪಿಸಿದರು ಎಂದು ಅದರಲ್ಲಿದೆ. ಅವರಲ್ಲೊಬ್ಬ, ಪುಟ್ಟ ಸಾರಾ ಹೇಳಿದ ಆ ರಿಚರ್ಡ್ ಅಣ್ಣ. ಪ್ರಾಕ್ಟರ್‌ನ ಸ್ವಂತ ಮಗನಿಗೂ ಹಾಗೇ ಮಾಡಿದ್ದರು.

ಹೊಡೆತ ಇಲ್ಲದೆಯೂ ಒಪ್ಪಿಸಬಹುದಿತ್ತು. ಆ್ಯಂಡೋವರ್ ಎಂಬ ಊರಿನ ಕೆಲವು ಹೆಂಗಸರ ಕಣ್ಣು ಕಟ್ಟಿ, ಅವರ ಕೈಯನ್ನು ಒದ್ದಾಡುತ್ತಿದ್ದ ಹುಡುಗಿಯರ ಮೇಲೆ ಇಡಿಸಿದರು. ಹುಡುಗಿಯರು ಸುಮ್ಮನಾದರು. ಮಾಟದ ವಿಷ ಈ ಹೆಂಗಸರ ಮೈಗೇ ವಾಪಸ್ ಹೋಯಿತು, ಆದ್ದರಿಂದ ಇವರೇ ಮಾಟಗಾತಿಯರು ಎಂದು ಕೂಡಲೇ ಹಿಡಿದರು. ಆ ಹೆಂಗಸರು ಆಮೇಲೆ ಬರೆದುಕೊಟ್ಟ ಹೇಳಿಕೆಯನ್ನು ನಾನು ಎಷ್ಟು ಸಲ ಓದಿದರೂ ಸಂಕಟವಾಗುತ್ತದೆ. ‘ನೀವು ಮಾಟಗಾತಿಯರು, ಅದು ನಮಗೆ ಗೊತ್ತು, ನಿಮಗೂ ಗೊತ್ತು, ನಿಮಗೆ ಗೊತ್ತಿದೆ ಅನ್ನೋದೂ ನಮಗೆ ಗೊತ್ತು ಎಂದು ಹೇಳುತ್ತಲೇ ಹೋದರು, ಕೊನೆಗೆ ನಮಗೂ ಹಾಗೇ ಇರಬೇಕು ಅನಿಸಿತು’ ಎಂಬುದು ಅದರ ಸಾರಾಂಶ. ಮನೆಯವರೇ ಒಪ್ಪಿಕೋ, ಜೀವ ಉಳಿಸಿಕೋ ಎಂದು ಬೇಡಿಕೊಂಡಿದ್ದರು.

ಮಾರ್ಗರೆಟ್ ಜೇಕಬ್ಸ್ ಎಂಬ ಹದಿಹರೆಯದ ಹುಡುಗಿಯ ಕಥೆಯಲ್ಲಿ ಇದೆಲ್ಲ ಒಟ್ಟಿಗೇ ಕಾಣುತ್ತದೆ. ಒಪ್ಪದಿದ್ದರೆ ಕತ್ತಲಕೋಣೆ, ಆಮೇಲೆ ನೇಣು, ಒಪ್ಪಿದರೆ ಜೀವ ಉಳಿಯುತ್ತದೆ ಎಂದು ಅವಳಿಗೆ ಹೇಳಿದ್ದರು. ಅವಳು ಒಪ್ಪಿಕೊಂಡಳು. ಸ್ವಂತ ತಾತ ಜಾರ್ಜ್ ಜೇಕಬ್ಸ್ ಮತ್ತು ಜಾರ್ಜ್ ಬರೋಸ್ ಎಂಬ ಪಾದ್ರಿಯ ಹೆಸರನ್ನೂ ಹೇಳಿಬಿಟ್ಟಳು. ಆಮೇಲೆ ತಡೆಯಲಾಗಲಿಲ್ಲ. ನಾನು ಹೇಳಿದ್ದೆಲ್ಲ ಸುಳ್ಳು, ಸುಳ್ಳು ಹೇಳಿ ಬದುಕುವುದಕ್ಕಿಂತ ಸಾಯುವುದೇ ಮೇಲು ಎಂದು ಬರೆದುಕೊಟ್ಟಳು. ಕೋರ್ಟು ಅದನ್ನು ನಂಬಲಿಲ್ಲ. ಆಗಸ್ಟ್ 19ರಂದು ತಾತನನ್ನೂ, ಬರೋಸ್‌ನನ್ನೂ, ಪ್ರಾಕ್ಟರ್‌ನನ್ನೂ, ಜಾನ್ ವಿಲ್ಲಾರ್ಡ್‌ನನ್ನೂ, ಮಾರ್ಥಾ ಕ್ಯಾರಿಯರ್‌ಳನ್ನೂ ಒಂದೇ ದಿನ ಗಲ್ಲಿಗೇರಿಸಿದರು. ಸಾಯುವ ಹಿಂದಿನ ದಿನ ಬರೋಸ್ ಆ ಹುಡುಗಿಯನ್ನು ಕ್ಷಮಿಸಿ, ಅವಳ ಜೊತೆ ಪ್ರಾರ್ಥನೆ ಮಾಡಿದ. ಅವಳ ವಿಚಾರಣೆಯ ದಿನ ಅವಳಿಗೆ ಕಾಯಿಲೆ ಬಂದು ದಿನ ಮುಂದೆ ಹೋಯಿತು, ಅದರಿಂದ ಉಳಿದಳು. ಸ್ಯಾಮ್ಯುಯೆಲ್ ವಾರ್ಡ್‌ವೆಲ್‌ಗೆ ಆ ಅದೃಷ್ಟ ಇರಲಿಲ್ಲ. ಆತನೂ ಮೊದಲು ಒಪ್ಪಿಕೊಂಡು, ಆಮೇಲೆ ಸುಳ್ಳು ಎಂದ. ಅವನನ್ನು ಸೆಪ್ಟೆಂಬರ್ 22ರಂದು ನೇಣು ಹಾಕಿದರು.

ಮಾರ್ಥಾ ಕ್ಯಾರಿಯರ್ ವಿಚಾರಣೆಯಲ್ಲಿ ನ್ಯಾಯಾಧೀಶರಿಗೇ, ಬುದ್ಧಿ ಕೆಟ್ಟವರ ಮಾತು ಕೇಳುತ್ತೀರಲ್ಲ, ನಾಚಿಕೆಗೇಡು ಎಂದಿದ್ದಳು. ಬರೋಸ್ ನೇಣುಗಂಬದ ಏಣಿಯ ಮೇಲೆ ನಿಂತು ಕ್ರಿಸ್ತನ ಪ್ರಾರ್ಥನೆಯನ್ನು ಒಂದಕ್ಷರ ತಪ್ಪದೆ ಹೇಳಿದ. ಮಾಟ ಮಾಡುವವರಿಗೆ ಅದನ್ನು ತಪ್ಪಿಲ್ಲದೆ ಹೇಳಲು ಬರುವುದಿಲ್ಲ ಎಂದು ಜನ ನಂಬಿದ್ದರು. ಗುಂಪಿನಲ್ಲಿ ಗುಜುಗುಜು ಶುರುವಾಯಿತು. ಕುದುರೆಯ ಮೇಲಿದ್ದ ಕಾಟನ್ ಮೇದರ್ ಎಂಬ ಹೆಸರಾಂತ ಪಾದ್ರಿ, ಸೈತಾನ ದೇವದೂತನ ವೇಷದಲ್ಲೂ ಬರುತ್ತಾನೆ ಎಂದು ಹೇಳಿ ಜನರನ್ನು ಸುಮ್ಮನಾಗಿಸಿದ.

ವಿಚಾರಣೆಗೇ ಒಪ್ಪದೆ ನಿಂತವನು ಒಬ್ಬನೇ. ಸುಮಾರು 80 ವರ್ಷದ ರೈತ ಜೈಲ್ಸ್ ಕೋರಿ. ಆರೋಪಿ ವಿಚಾರಣೆಗೆ ಒಪ್ಪದೆ ಹೋದರೆ ಕೋರ್ಟು ಮುಂದೆ ಹೋಗುವಂತಿರಲಿಲ್ಲ. ಅದಕ್ಕೆ ಮೈಮೇಲೆ ಭಾರ ಹೇರಿ ಬಾಯಿ ಬಿಡಿಸುವ ಹಳೆಯ ಪದ್ಧತಿ ಇಂಗ್ಲೆಂಡಿನಲ್ಲಿತ್ತು. ಸೆಪ್ಟೆಂಬರ್ 19ರಂದು ಆತ ಕಲ್ಲುಗಳ ಕೆಳಗೇ ಸತ್ತ. ಇನ್ನಷ್ಟು ಭಾರ ಹಾಕಿ ಎಂದನಂತೆ, ಆ ಮಾತು ಇವತ್ತಿಗೂ ಅಲ್ಲಿನ ಜನರ ಬಾಯಲ್ಲಿದೆ. ಮೂರು ದಿನದ ನಂತರ ಅವನ ಹೆಂಡತಿ ಮಾರ್ಥಾ ಕೋರಿಯನ್ನು ಗಲ್ಲಿಗೇರಿಸಿದರು.

ಅದೇ ದಿನ ಪ್ರಾಣ ಕಳೆದುಕೊಂಡವಳು ಮೇರಿ ಈಸ್ಟಿ, ರೆಬೆಕಾ ನರ್ಸ್‌ಳ ತಂಗಿ. ಸಾಯುವ ಮೊದಲು ಆಕೆ ಬರೆಸಿದ ಅರ್ಜಿಯಲ್ಲಿ ತನ್ನ ಜೀವಕ್ಕಾಗಿ ಬೇಡಲಿಲ್ಲ. ನಾನು ಸಾಯುವುದು ಖಚಿತ, ಇನ್ನು ಮುಂದೆ ನಿರಪರಾಧಿಗಳ ರಕ್ತ ಹರಿಯದಿರಲಿ ಎಂದಳು. ಅದಕ್ಕಿಂತ ಮುಖ್ಯವಾಗಿ, ಏನು ಮಾಡಬೇಕು ಅಂತಲೂ ಹೇಳಿದಳು. ಒದ್ದಾಡುವ ಹುಡುಗಿಯರನ್ನು ಬೇರೆ ಬೇರೆ ಇಟ್ಟು ಪ್ರಶ್ನೆ ಮಾಡಿ. ಒಪ್ಪಿಕೊಂಡವರಲ್ಲಿ ಕೆಲವರನ್ನೂ ವಿಚಾರಣೆಗೆ ಒಳಪಡಿಸಿ. ಕೋರ್ಟಿನ ಎರಡು ದುರ್ಬಲ ಜಾಗಗಳನ್ನು ನೇಣಿಗೆ ಹೋಗುತ್ತಿದ್ದ ಒಬ್ಬ ರೈತ ಹೆಂಗಸು ಅಷ್ಟು ಸ್ಪಷ್ಟವಾಗಿ ಕಂಡಿದ್ದಳು. ಕೋರ್ಟಿನಲ್ಲಿ ಕೂತವರಿಗೆ ಅದು ಕಾಣಲಿಲ್ಲ.

ಆಮೇಲೆ

ಅಕ್ಟೋಬರ್ ಹೊತ್ತಿಗೆ ಗಾಳಿ ತಿರುಗಿತು. ಆರೋಪ ದೊಡ್ಡ ಮನೆಗಳವರೆಗೂ ಬಂದಿತ್ತು, ಗವರ್ನರನ ಹೆಂಡತಿಯ ಹೆಸರೂ ಕೇಳಿಬಂತು. ಕಾಟನ್ ಮೇದರನ ತಂದೆ ಇಂಕ್ರೀಸ್ ಮೇದರ್, ಒಬ್ಬ ನಿರಪರಾಧಿ ಸಾಯುವುದಕ್ಕಿಂತ ಹತ್ತು ಜನ ಸಂಶಯದವರು ತಪ್ಪಿಸಿಕೊಂಡರೂ ಮೇಲು ಎಂದು ಬರೆದ. ಅಕ್ಟೋಬರ್ ಕೊನೆಗೆ ಫಿಪ್ಸ್ ಆ ನ್ಯಾಯಾಲಯವನ್ನು ಮುಚ್ಚಿದ. 1693ರ ಜನವರಿಯಲ್ಲಿ ಬೇರೆ ಕೋರ್ಟು ಬಂತು, ನೆರಳಿನ ಸಾಕ್ಷಿ ನಡೆಯುವುದಿಲ್ಲ ಎಂದಿತು. ಅದೊಂದನ್ನು ತೆಗೆದದ್ದೇ ತಡ, ಹೆಚ್ಚುಕಡಿಮೆ ಎಲ್ಲ ಪ್ರಕರಣಗಳೂ ಬಿದ್ದುಹೋದವು. ಮೂವರಿಗೆ ಮಾತ್ರ ಶಿಕ್ಷೆಯಾಯಿತು, ಅವರನ್ನೂ ಗವರ್ನರ್ ಉಳಿಸಿದ. ಬಿಡುಗಡೆಯಾದವರು ಮನೆಗೆ ಹೋಗಲು ಜೈಲಿನ ಊಟದ, ಬೇಡಿಯ ಖರ್ಚು ಕಟ್ಟಬೇಕಿತ್ತು. ಟಿಟ್ಯೂಬಾಳ ಖರ್ಚು ಕಟ್ಟಲು ಪಾದ್ರಿ ಪ್ಯಾರಿಸ್ ಮುಂದೆ ಬರಲಿಲ್ಲ. ಬೇರೆ ಯಾರೋ ಕಟ್ಟಿ ಆಕೆಯನ್ನು ಕೊಂಡುಕೊಂಡರು.

1697ರ ಜನವರಿ 14ರಂದು ಇಡೀ ವಸಾಹತು ಪಶ್ಚಾತ್ತಾಪದ ಉಪವಾಸ ಮಾಡಿತು. ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀವಾಲ್ ಬಾಸ್ಟನ್‌ನ ಚರ್ಚಿನಲ್ಲಿ ಎಲ್ಲರ ಮುಂದೆ ಎದ್ದು ನಿಂತ. ತಪ್ಪೂ ನನ್ನದು, ನಾಚಿಕೆಯೂ ನನ್ನದು ಎಂದು ಬರೆದದ್ದನ್ನು ಪಾದ್ರಿ ಓದಿದರು. ಜ್ಯೂರಿಯ 12 ಜನರೂ ಕ್ಷಮೆ ಕೇಳಿದರು. 1706ರಲ್ಲಿ ಆನ್ ಪಟ್ನಮ್ ಕೂಡ ಕೇಳಿದಳು. ಸ್ಟೌಟನ್ ಸಾಯುವವರೆಗೂ ಕೇಳಲಿಲ್ಲ. 1711ರಲ್ಲಿ ಸರ್ಕಾರ 22 ಜನರ ಹೆಸರಿನ ಮೇಲಿದ್ದ ಕಳಂಕ ತೆಗೆದು, ಕುಟುಂಬಗಳಿಗೆ ಪರಿಹಾರ ಕೊಟ್ಟಿತು. ಬಿಟ್ಟುಹೋದವರಲ್ಲಿ ಐವರ ಹೆಸರು ಸೇರಿಸಲು 2001 ಬರಬೇಕಾಯಿತು. ಕನೆಕ್ಟಿಕಟ್ ತನ್ನ ಕಡೆಯವರನ್ನು ನಿರ್ದೋಷಿಗಳೆಂದು ಘೋಷಿಸಿದ್ದು 2023ರಲ್ಲಿ.

ಮ್ಯಾಸಚೂಸೆಟ್ಸ್ ಪಟ್ಟಿಯಲ್ಲಿ ಒಂದು ಹೆಸರು 2001ರಲ್ಲೂ ಇರಲಿಲ್ಲ. ಆ್ಯಂಡೋವರಿನ ಎಲಿಜಬೆತ್ ಜಾನ್ಸನ್. 1692ರಲ್ಲಿ ಆಕೆಗೆ 22 ವರ್ಷ. ಬುದ್ಧಿ ಸ್ವಲ್ಪ ಕಡಿಮೆ ಎಂದು ಆಕೆಯ ತಾತನೇ ಬರೆದಿದ್ದಾನೆ. ಕೇಳಿದ್ದಕ್ಕೆಲ್ಲ ಹೌದು ಅಂದಳು. 1693ರ ಜನವರಿಯಲ್ಲಿ ಶಿಕ್ಷೆಯಾದ ಮೂವರಲ್ಲಿ ಆಕೆಯೂ ಒಬ್ಬಳು. ಗವರ್ನರ್ ಉಳಿಸಿದ್ದರಿಂದ 70 ದಾಟಿ ಬದುಕಿದಳು, ಆದರೆ ಕಾಗದದ ಮೇಲೆ ಶಿಕ್ಷೆ ಹಾಗೇ ಇತ್ತು. 1712ರಲ್ಲಿ ಆಕೆ ಅರ್ಜಿ ಹಾಕಿದಳು: ಉಳಿದವರ ಜೊತೆ ನನ್ನ ಹೆಸರೂ ಸೇರಿಸಿ. ಯಾರೂ ಸೇರಿಸಲಿಲ್ಲ. ಆಕೆಗೆ ಮಕ್ಕಳಿರಲಿಲ್ಲ, ಮುಂದೆ ಕೇಳುವವರೂ ಇರಲಿಲ್ಲ. ಕೊನೆಗೆ ಅದೇ ಪ್ರದೇಶದ ಶಾಲೆಯೊಂದರ ಎಂಟನೇ ತರಗತಿ ಮಕ್ಕಳು ತಮ್ಮ ಟೀಚರ್ ಜೊತೆ ಹಳೆಯ ದಾಖಲೆಗಳನ್ನು ಓದಿ, ಶಾಸಕರಿಗೆ ಪತ್ರ ಬರೆದರು. 2022ರ ಜುಲೈನಲ್ಲಿ ಮ್ಯಾಸಚೂಸೆಟ್ಸ್ ಆಕೆಯ ಹೆಸರನ್ನು ಸೇರಿಸಿತು.